ಹಳೇ ಮಿಯಾಟಾಗೆ ಹೊಸ ಸ್ಪ್ರಿಂಗ್ ಆರಿಸಿದ ಬಗೆ

ಹಳೇ ಸ್ಪೋರ್ಟ್ಸ್ ಕಾರಿಗೆ ಸ್ಪ್ರಿಂಗ್ ಹಾಕಿಸ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಮಾತು: "ಕಾರು ಎಷ್ಟು ಕೆಳಗೆ ಇಳಿಯುತ್ತೆ?" ಮಾರುವವರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಗುಂಡಿ ಬಂದಾಗ ಚಕ್ರ ಮೇಲಕ್ಕೆ ಹೋಗೋಕೆ ಎಷ್ಟು ಜಾಗ ಉಳಿದಿದೆ ಅನ್ನೋದನ್ನು ಮೊದಲು ಅಳೆದೆ. ಸ್ಪ್ರಿಂಗ್ ಯಾವುದು ಅನ್ನೋದು ಆ ಅಳತೆಯಿಂದಲೇ ಮುಕ್ಕಾಲು ಪಾಲು ತೀರ್ಮಾನವಾಯಿತು.

ಕಾರು 1991ರ ಮಜ್ದಾ ಮಿಯಾಟಾ. ಅಮೆರಿಕದ ಹೊರಗೆ ಹೆಚ್ಚಿನ ಕಡೆ ಇದನ್ನು ಎಂಎಕ್ಸ್-5 ಅಂತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡ ಎರಡು ಸೀಟಿನ ಪುಟ್ಟ ಕಾರು. 1997ರವರೆಗೆ ಬಂದ ಮೊದಲ ತಲೆಮಾರಿಗೆ ‘ಎನ್‌ಎ’ ಅನ್ನೋ ಹೆಸರು. ನನ್ನದರಲ್ಲಿ 1.6 ಲೀಟರ್ ಎಂಜಿನ್. ತೂಕ ಸಾವಿರ ಕಿಲೋ ಒಳಗೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಇದೆ, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಈ ಬೆಲೆಯ ಕಾರಿನಲ್ಲಿ ಅದು ಆಗಲೂ ಅಪರೂಪ, ಈಗಲೂ ಅಪರೂಪ.

ನಾನಿರೋದು ಮಿಷಿಗನ್‌ನ ನೋವೈ ಊರಿನಲ್ಲಿ. ಅಮೆರಿಕದ ರಸ್ತೆ ಅಂದರೆ ನುಣ್ಣಗೆ ಇರುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ನಂಬಿದ್ದಾರೆ. ಮಾರ್ಚ್ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಲಿ. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೇ ನಡೆದು ಚಳಿಗಾಲ ಮುಗಿಯೋ ಹೊತ್ತಿಗೆ ಟಾರು ಚಕ್ಕೆ ಚಕ್ಕೆಯಾಗಿ ಎದ್ದು ಬಂದಿರುತ್ತದೆ. ಕಾಂಕ್ರೀಟ್ ಹೆದ್ದಾರಿಗಳಲ್ಲಿ ಹಾಸು ಹಾಸಿನ ನಡುವೆ ಜಾಯಿಂಟು. ಐ-275ರಲ್ಲಿ ಹೋದರೆ ದಾರಿಯುದ್ದಕ್ಕೂ ಧಡ್ ಧಡ್. ಕ್ಯಾಲಿಫೋರ್ನಿಯಾದವರು ‘ಸೂಪರ್’ ಅಂದ ಸ್ಪ್ರಿಂಗ್ ಇಲ್ಲಿ ಸೂಪರ್ ಆಗಲೇಬೇಕು ಅಂತೇನಿಲ್ಲ.

ಕಾರು ನನ್ನ ಕೈಗೆ ಬಂದಾಗಲೇ ಇಳಿಸಲಾಗಿತ್ತು. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಓಡಿಸಿದರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತಿತ್ತು. ತಿರುವಿನ ಮಧ್ಯೆ ಒಂದು ಸಣ್ಣ ಉಬ್ಬು ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಮುಂದಿನ ಜೋಡಿ ಬಿಚ್ಚಿದಾಗ ಕಾರಣ ಗೊತ್ತಾಯಿತು. ಸ್ಪ್ರಿಂಗಿನ ಕೆಳತುದಿಯಲ್ಲಿ ಗ್ರೈಂಡರ್ ಗೆರೆಗಳು, ಕೊಯ್ದ ಅಂಚಿನಲ್ಲಿ ಸುಟ್ಟ ನೀಲಿ ಬಣ್ಣ. ಹಿಂದಿನ ಮಾಲೀಕರು ಯಾರೋ ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ವಾಪಸ್ ಕೂರಿಸಿದ್ದರು. ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗದ ಹಾಗೆ ಅದರ ಮೇಲೆ ತಡೆಯಾಗಿ ಕೂರುವ ರಬ್ಬರ್, ಅಂದರೆ ಬಂಪ್ ಸ್ಟಾಪ್, ಮುಟ್ಟಿದರೆ ಒಣಗಿದ ರವೆ ಉಂಡೆಯ ಹಾಗೆ ಬೆರಳಲ್ಲೇ ಉದುರಿತು.

ಕತ್ತರಿಸಿದ ಸ್ಪ್ರಿಂಗ್ ಗಿಡ್ಡವಾಗುವುದಷ್ಟೇ ಅಲ್ಲ, ಗಟ್ಟಿಯೂ ಆಗುತ್ತದೆ. ಕೆಲಸ ಮಾಡುವ ಸುತ್ತುಗಳು ಆರು ಇದ್ದು ಒಂದನ್ನು ತೆಗೆದರೆ ಉಳಿದ ಐದೇ ಎಲ್ಲ ಭಾರ ಹೊರಬೇಕು, ಗಡಸು 20% ಜಾಸ್ತಿ. ತಂತಿಯ ದಪ್ಪಕ್ಕಂತೂ ಇನ್ನೂ ಬೆಲೆ. ಬೇರೆಲ್ಲ ಅಳತೆ ಹಾಗೇ ಇದ್ದು ತಂತಿ 10% ದಪ್ಪವಾದರೆ ಗಡಸು 46% ಏರುತ್ತದೆ, ಯಾಕೆಂದರೆ ಲೆಕ್ಕದಲ್ಲಿ ದಪ್ಪ ನಾಲ್ಕು ಸಲ ಗುಣಿಸಿಕೊಳ್ಳುತ್ತೆ. ಹೆಸರಿಲ್ಲದ ಹಳೇ ಸ್ಪ್ರಿಂಗ್ ಸಿಕ್ಕರೆ ವರ್ನಿಯರ್ ಹಿಡಿದು ತಂತಿಯ ದಪ್ಪ, ಸುತ್ತಿನ ಅಗಲ ಅಳೆದು, ಸುತ್ತು ಎಣಿಸಿ. ಕ್ಯಾಲ್ಕುಲೇಟರಿನಲ್ಲಿ ಹೆಚ್ಚುಕಡಿಮೆ ಸರಿಯಾದ ಗಡಸು ಸಿಗುತ್ತದೆ.

ಈಗ ಜಾಗದ ಲೆಕ್ಕ. ಚಕ್ರದ ನಡುವಿನಿಂದ ಅದರ ಮೇಲಿನ ಫೆಂಡರ್ (ಚಕ್ರದ ಮೇಲೆ ಬಾಗಿದ ಬಾಡಿ ತಗಡು) ಅಂಚಿನವರೆಗೆ ಟೇಪ್ ಹಿಡಿದು ಅಳೆಯೋದು ಈ ಕಾರಿನವರ ರೂಢಿ. ಟೈರ್ ಯಾವ ಸೈಜಾದರೂ ಈ ಅಳತೆ ಕೆಡುವುದಿಲ್ಲ. ನನ್ನದು ಮುಂದೆ 315 ಮಿ.ಮೀ. ಸುಮಾರಿತ್ತು, ಡ್ರೈವರ್ ಕಡೆ ಇನ್ನೂ ಸ್ವಲ್ಪ ಕಡಿಮೆ. ಗೆಳೆಯನ ಹತ್ತಿರ ಯಾರೂ ಕೈ ಹಾಕದ ಎನ್‌ಎ ಒಂದಿದೆ. ಅದರಲ್ಲಿ 350. ಅಂದರೆ ನನ್ನ ಕಾರು 35 ಮಿ.ಮೀ. ಕೆಳಗೆ ಕೂತಿದೆ. ಅದೇ ಗೆಳೆಯನ ಕಾರು ನೆಲದ ಮೇಲೆ ನಿಂತಾಗ ಮುಂದಿನ ಶಾಕ್‌ಗೂ ಬಂಪ್ ಸ್ಟಾಪ್‌ಗೂ ನಡುವೆ ಇದ್ದ ಜಾಗ 20 ಮಿ.ಮೀ. ಆಸುಪಾಸು.

20 ಅಂದರೆ ಚಕ್ರದಲ್ಲಿ 20 ಅಲ್ಲ. ಶಾಕ್ ಕೂತಿರೋದು ತೋಳಿನ ಮಧ್ಯದಲ್ಲೆಲ್ಲೋ, ಚಕ್ರ ಇರೋದು ತುದಿಯಲ್ಲಿ. ಸ್ಪ್ರಿಂಗ್ ತೆಗೆದಿದ್ದಾಗ ಹಬ್ ಕೆಳಗೆ ಜ್ಯಾಕ್ ಇಟ್ಟು 50 ಮಿ.ಮೀ. ಎತ್ತಿದೆ. ಮುಂದಿನ ಶಾಕ್ 35 ಮಿ.ಮೀ. ಕುಗ್ಗಿತು, ಹಿಂದಿನದು 37-38. ಅನುಪಾತ ಮುಂದೆ 0.7, ಹಿಂದೆ 0.75 ಅಂತ ಹಿಡಿದೆ. ಹಾಗಾದರೆ ಶಾಕ್‌ನ 20 ಮಿ.ಮೀ. ಚಕ್ರದಲ್ಲಿ ಸುಮಾರು 29. ಕಂಪನಿ ಸ್ಥಿತಿಯಲ್ಲೇ ಮೇಲೆ ಉಳಿದಿರೋ ಜಾಗ ಅಷ್ಟು. ಅದರಲ್ಲಿ 35 ಇಳಿಸಿದರೆ? ಕಾರು ನಿಂತಲ್ಲೇ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತದೆ. ಆಮೇಲೆ ಉಬ್ಬು ಸಿಕ್ಕಾಗಲೆಲ್ಲ ಕೆಲಸ ಮಾಡೋದು ಸ್ಪ್ರಿಂಗ್ ಅಲ್ಲ, ಆ ಪುಡಿಯಾದ ರಬ್ಬರ್. ಹಿಂದೆಯೂ ಇದೇ ಕಥೆ, ಅದು ಹಾರುತ್ತಿದ್ದದ್ದು ಇದಕ್ಕೇ.

ಹಾಗಾಗಿ 30, 40 ಮಿ.ಮೀ. ಇಳಿಸುವ, ಗಡಸು ಮಾತ್ರ ಅಷ್ಟಕ್ಕಷ್ಟೇ ಇರುವ ಸ್ಪ್ರಿಂಗ್‌ಗಳನ್ನೆಲ್ಲ ಪಟ್ಟಿಯಿಂದ ತೆಗೆದೆ. ಈ ಕಾರಿಗೆ ಅಂಥದ್ದು ಬೇಕಾದಷ್ಟಿವೆ, ಬೆಲೆಯೂ ಕಡಿಮೆ. ಜಾಗ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ ಇರಬೇಕು. ಎರಡನ್ನೂ ಒಟ್ಟಿಗೆ ನೋಡಬೇಕು.

ಎಷ್ಟು ಗಟ್ಟಿ? ಮಿಯಾಟಾ ಲೋಕದಲ್ಲಿ ಗಡಸನ್ನು ಇಂಚಿಗೆ ಎಷ್ಟು ಪೌಂಡ್ ಅಂತ ಹೇಳ್ತಾರೆ. ಜಪಾನಿ ಸ್ಪ್ರಿಂಗ್ ಮೇಲೆ ಮಿ.ಮೀ.ಗೆ ಇಷ್ಟು ಕಿಲೋ ಅಂತಿರುತ್ತೆ. ಅದನ್ನು 56ರಿಂದ ಗುಣಿಸಿದರೆ ಪೌಂಡ್ ಲೆಕ್ಕ ಬಂತು. ಕಂಪನಿಯ ಮುಂದಿನ ಸ್ಪ್ರಿಂಗ್ 160ರ ಹತ್ತಿರ. ರೇಸ್‌ಗೆ ಹೋಗುವವರು ಮುಂದೆ 700 ಹಾಕಿಕೊಳ್ಳೋದೂ ಉಂಟು. ಈ ಬರೀ ಸಂಖ್ಯೆಗಳಿಂದ ನನಗೆ ಏನೂ ಹೊಳೆಯಲಿಲ್ಲ. ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತೆ ಅನ್ನೋ ಲೆಕ್ಕಕ್ಕೆ ತಂದಾಗ ಅರ್ಥವಾಯಿತು.

ಲೆಕ್ಕ ಕಷ್ಟವಲ್ಲ. ಅನುಪಾತವನ್ನು ಅದರಿಂದಲೇ ಗುಣಿಸಿ ಸ್ಪ್ರಿಂಗಿನ ಗಡಸಿಗೆ ಹಚ್ಚಬೇಕು. 0.7 ಸಲ 0.7 ಅಂದರೆ 0.49. ಮುಂದಿನ ಸ್ಪ್ರಿಂಗಿನ ಅರ್ಧ ಗಡಸು ಮಾತ್ರ ಚಕ್ರಕ್ಕೆ ತಲುಪುತ್ತದೆ. ನಾನೂ ಸೇರಿ ಕಾರು 1050 ಕಿಲೋ ಅಂದುಕೊಂಡರೆ ಮೂಲೆಗೆ 260 ಚಿಲ್ಲರೆ. ಚಕ್ರ, ಬ್ರೇಕು, ತೋಳಿನ ಅರ್ಧ ಕಳೆದರೆ ಸ್ಪ್ರಿಂಗ್ ಹೊರುವುದು 225 ಕಿಲೋ. ಇಷ್ಟಿಟ್ಟು ನೋಡಿದರೆ ಕಂಪನಿ ಸ್ಪ್ರಿಂಗಿಗೆ ಸೆಕೆಂಡಿಗೆ 1.24 ಸಲ ಬರುತ್ತದೆ. 700ಕ್ಕೆ 2.6. ಸಾಮಾನ್ಯ ಮನೆ ಕಾರುಗಳು 1ರಿಂದ 1.5ರ ಒಳಗೆ ಇರುತ್ತವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರವರೆಗೆ. ಎರಡನ್ನು ದಾಟಿದ ಮೇಲೆ ಮಿಷಿಗನ್ ರಸ್ತೆಯಲ್ಲಿ ಹೆಂಡತಿ ಪಕ್ಕದ ಸೀಟಿಗೆ ಬರೋದನ್ನು ನಿಲ್ಲಿಸ್ತಾಳೆ. ಆದ್ದರಿಂದ 1.7ರ ಸುತ್ತಮುತ್ತ ಅಂತ ನಿಗದಿ ಮಾಡಿಕೊಂಡೆ.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮುಂದೆ 300-320 ಬೇಕು. ಮಿಯಾಟಾ ಬಿಡಿಭಾಗ ಮಾರುವ ಫ್ಲೈಯಿಂಗ್ ಮಿಯಾಟಾ ಕಂಪನಿಯವರ ಸ್ಪ್ರಿಂಗ್ ಮುಂದೆ 318, ಹಿಂದೆ 233. ಮುಂದೆ 1.75, ಹಿಂದೆ 1.6 ಅಂತ ಬಂತು. ಸರಿಹೋಯಿತು. ಐಬಾಕ್ ಕಂಪನಿಯ ಪ್ರೋ-ಕಿಟ್ ಸ್ಪ್ರಿಂಗ್ ಕೂಡ ನೋಡಿದ್ದೆ. ಅದು ಕುಗ್ಗುತ್ತಾ ಹೋದ ಹಾಗೆ ಗಟ್ಟಿಯಾಗುವ ಬಗೆ, ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ ಇರುತ್ತವೆ. ಮೆತ್ತಗಿನ ಓಡಾಟಕ್ಕೆ ಒಳ್ಳೆಯದೇ. ಆದರೆ ಜಾಗವೇ ಇಲ್ಲದ ಕಾರಿನಲ್ಲಿ ಮೊದಲ ಮೆತ್ತನೆ ಭಾಗ ಕಾರಿನ ಭಾರಕ್ಕೇ ಮುಗಿದಿರುತ್ತದೆ. ನನಗೆ ಮೊದಲಿಂದ ಕೊನೆವರೆಗೆ ಒಂದೇ ಗಡಸಿನದು ಇಷ್ಟ. ಅದರ ಲೆಕ್ಕ ಕೈಗೆ ಸಿಗುತ್ತೆ.

ಸ್ಪ್ರಿಂಗೂ ಶಾಕೂ ಒಂದೇ ಜೋಡಿಯಾಗಿ ಬರುವ, ಎತ್ತರ ಬೇಕಾದ ಹಾಗೆ ತಿರುಗಿಸಿಕೊಳ್ಳುವ ಕಾಯಿಲ್‌ಓವರ್ ಯಾಕೆ ಬೇಡ ಅಂತ ಗೆಳೆಯ ಕೇಳಿದ. ಒಳ್ಳೆಯದಕ್ಕೆ ದುಡ್ಡು ಜಾಸ್ತಿ. ಅಗ್ಗದ್ದರಲ್ಲಿ ಶಾಕ್ ಎಂಥದ್ದಿರುತ್ತೋ ಭಗವಂತನಿಗೇ ಗೊತ್ತು. ಮೇಲಾಗಿ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ. ಎತ್ತರ ಬದಲಿಸುವ ಆ ತಿರುಪಿನ ಸುತ್ತುಗಳು ಉಪ್ಪು ತಿಂದು ಕಚ್ಚಿಕೊಂಡರೆ ತಿರುಗಿಸೋ ಸುಖ ಅಲ್ಲಿಗೆ ಮುಗೀತು.

ಸ್ಪ್ರಿಂಗ್ ಬದಲಾಯಿಸಿ ಹಳೇ ಶಾಕ್ ಉಳಿಸಿಕೊಳ್ಳೋದು ದುಡ್ಡು ದಂಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಗಡಸು ಎರಡರಷ್ಟಾದರೆ ಅದನ್ನು ಹಿಡಿದು ನಿಲ್ಲಿಸೋ ಶಕ್ತಿ ಸುಮಾರು 1.4 ಪಟ್ಟು ಬೇಕು. ಮೂವತ್ತು ವರ್ಷ ಕಂಡ ಶಾಕ್‌ಗೆ ಮೊದಲಿನ ಸ್ಪ್ರಿಂಗನ್ನು ಹಿಡಿಯೋ ತ್ರಾಣವೇ ಇರಲ್ಲ. ಶಾಕ್ ಕಂಪನಿಗಳಲ್ಲಿ ಬಿಲ್‌ಸ್ಟೈನ್, ಕೋನಿ ಎರಡೂ ಮುಂದಿದ್ದವು. ಬಿಲ್‌ಸ್ಟೈನ್ ಮೇಲೆ ಮಜ್ದಾಗೇ ನಂಬಿಕೆ ಇತ್ತು, 1994ರ ‘ಆರ್ ಪ್ಯಾಕೇಜ್’ ಕಾರುಗಳಿಗೆ ಅದನ್ನೇ ಹಾಕಿದ್ದರು. ಆದರೂ ನಾನು ಹಳದಿ ಬಣ್ಣದ ಕೋನಿ ತಗೊಂಡೆ. ಸ್ಪ್ರಿಂಗ್ ಕೂರೋ ತಟ್ಟೆಗೆ ಅದರಲ್ಲಿ ಒಂದಕ್ಕಿಂತ ಹೆಚ್ಚು ತೋಡುಗಳಿವೆ, ತಟ್ಟೆ ಹಿಡಿಯೋ ಸರ್ಕ್ಲಿಪ್ ಉಂಗುರವನ್ನು ಬೇರೆ ತೋಡಿಗೆ ಹಾಕಿದರೆ ಎತ್ತರ ಬದಲಾಗುತ್ತದೆ. ನಾನು ಎಲ್ಲಕ್ಕಿಂತ ಮೇಲಿನ ತೋಡಿನಲ್ಲಿ ಕೂರಿಸಿದೆ. ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನು ಎಷ್ಟು ಹಿಡಿಯಬೇಕು ಅಂತ ಮೇಲಿನಿಂದಲೇ ತಿರುಗಿಸಿ ಹೊಂದಿಸಬಹುದು, ಏನೂ ಬಿಚ್ಚಬೇಕಿಲ್ಲ.

ಅದರ ಜೊತೆ ಎರಡನೇ ತಲೆಮಾರಿನ ‘ಎನ್‌ಬಿ’ ಮಿಯಾಟಾದ ಮೇಲಿನ ಮೌಂಟ್‌ಗಳನ್ನೂ, ಗಿಡ್ಡ ಬಂಪ್ ಸ್ಟಾಪ್‌ಗಳನ್ನೂ ತರಿಸಿದೆ. ಎನ್‌ಬಿ ಮೌಂಟ್ ಹಾಕಿದರೆ ಶಾಕ್‌ಗೆ ಮೇಲೆ ಇನ್ನಷ್ಟು ಜಾಗ ಸಿಗುತ್ತದೆ. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಇಡೀ ಕೆಲಸದಲ್ಲಿ ಅತಿ ಲಾಭದ ಭಾಗ ಇದೇ.

ಜೋಡಣೆ ಬಗ್ಗೆ ಜಾಸ್ತಿ ಹೇಳಲ್ಲ, ಎರಡೇ ಮಾತು. ಹಳೇ ಸ್ಪ್ರಿಂಗ್ ಬಿಚ್ಚುವಾಗ ಒಳ್ಳೇ ಸ್ಪ್ರಿಂಗ್ ಕಂಪ್ರೆಸರ್ ಇರಲಿ, ಅದರಲ್ಲಿ ತುಂಬಿರೋ ಬಲ ಕೈ ಮುರಿಯೋಕೆ ಸಾಕು. ಇನ್ನೊಂದು, ತೋಳಿನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಬೇಡಿ. ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳು ಹೇಳುತ್ತದೆ.

ಈ ಕಾರಿನಲ್ಲಿ ನಾಲ್ಕೂ ಮೂಲೆಯ ಕೆಳ ತೋಳಿಗೆ ಅಲೈನ್‌ಮೆಂಟ್ ಮಾಡುವ, ಅಂದರೆ ಚಕ್ರದ ಕೋನ ಹೊಂದಿಸುವ ಕ್ಯಾಮ್ ಬೋಲ್ಟ್‌ಗಳಿವೆ. ಇಲ್ಲಿನ ಕಾರುಗಳಲ್ಲಿ ಅವು ಬುಷ್ ಒಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿರುತ್ತವೆ. ದಿನವೂ ರಾತ್ರಿ ಎಣ್ಣೆ ಬಿಟ್ಟು ಬಿಟ್ಟು ಹಿಂದಿನದೊಂದನ್ನು ಬಿಟ್ಟು ಎಲ್ಲ ಅಲುಗಿದವು. ಆ ಒಂದನ್ನು ಕೊಯ್ದು ತೆಗೆದೆ.

ಅಲೈನ್‌ಮೆಂಟ್‌ಗೆ ಮೊದಲು ಡ್ರೈವರ್ ಸೀಟಿನ ಮೇಲೆ ನನ್ನ ತೂಕ ಇಡಬೇಕಿತ್ತು. ಇಷ್ಟು ಹಗುರ ಕಾರಿಗೆ 75 ಕಿಲೋ ಅಂದರೆ ಸಣ್ಣದಲ್ಲ. ಪ್ಯಾಂಟ್ರಿಯಲ್ಲಿದ್ದ 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನೆಲ್ಲ ತಂದು ಪೇರಿಸಿದೆ, ಸಾಲದ್ದಕ್ಕೆ ನೀರಿನ ಕ್ಯಾನು. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ "ಕಾರಿಗೂ ಅನ್ನ ಹಾಕ್ತೀಯೇನೋ" ಅಂದರು. ಮುಂದೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವ ಕೋನ) ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.6, ಟೋ (ಮೇಲಿನಿಂದ ನೋಡಿದಾಗ ಚಕ್ರದ ಓರೆ) ಹೆಚ್ಚುಕಡಿಮೆ ಸೊನ್ನೆ ಇಟ್ಟೆವು. ಅಲೈನ್‌ಮೆಂಟ್ ಹುಡುಗ ಅಕ್ಕಿ ಚೀಲಗಳನ್ನು ನೋಡಿ ಏನೂ ಕೇಳಲಿಲ್ಲ.

ಈಗ ಫೆಂಡರ್ ಅಳತೆ ಮುಂದೆ 332. ಕಂಪನಿ ಎತ್ತರಕ್ಕಿಂತ 18 ಮಿ.ಮೀ. ಕೆಳಗೆ, ಕತ್ತರಿಸಿದ ಸ್ಪ್ರಿಂಗಿಗಿಂತ ಮೇಲೆ. ನೋಡಿದ ಗೆಳೆಯ "ಏನ್ ಗುರೂ, ಇಷ್ಟೆಲ್ಲ ಮಾಡಿ ಕಾರನ್ನ ಮೇಲೆ ಎತ್ತಿದ್ಯಾ? ಇನ್ನೊಂದು ಇಂಚು ಇಳಿಸಬಹುದಿತ್ತು ಅಲ್ವಾ?" ಅಂದ. ಮಾತಾಡದೆ ಕೀ ಕೊಟ್ಟೆ. ಆನ್ ಆರ್ಬರ್‌ನಿಂದ ಡೆಕ್ಸ್ಟರ್ ಕಡೆಗೆ ನದಿಯ ಪಕ್ಕದಲ್ಲೇ ಹೋಗುವ ಹ್ಯೂರಾನ್ ರಿವರ್ ಡ್ರೈವ್ ಅನ್ನೋ ರಸ್ತೆ ಇದೆ. ತಿರುವು ಜಾಸ್ತಿ, ತೇಪೆ ಇನ್ನೂ ಜಾಸ್ತಿ. ಮೊದಲು ಹಿಂಭಾಗ ಹಾರುತ್ತಿದ್ದ ತಿರುವಿನಲ್ಲಿ ಅವನು ಅದೇ ವೇಗದಲ್ಲಿ ಹೋದ. ಉಬ್ಬು ಗೊತ್ತಾಯಿತು, ಸ್ಟಿಯರಿಂಗ್ ಅಲುಗಲಿಲ್ಲ. ಐ-275ರ ಧಡ್ ಧಡ್ ಇನ್ನೂ ಕೇಳಿಸುತ್ತೆ, ಆದರೆ ಸೊಂಟಕ್ಕೆ ಏಟು ಬೀಳಲ್ಲ. ಗೆಳೆಯನ ಕಂಪನಿ ಸ್ಪ್ರಿಂಗಿನ ಕಾರಿಗಿಂತ ನನ್ನದು ಗಟ್ಟಿ ಅನ್ನೋದು ನಿಜ, ಅದನ್ನು ಮುಚ್ಚಿಡೋಕಾಗಲ್ಲ.

ಶಾಕ್‌ನ ರಾಡಿಗೆ ಒಂದೊಂದು ಸಣ್ಣ ಜಿಪ್ ಟೈ ಕಟ್ಟಿದ್ದೇನೆ. ಶಾಕ್ ಕುಗ್ಗಿದಾಗ ಅದು ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತೆ. ಎಷ್ಟು ಜಾಗ ಬಳಕೆಯಾಯಿತು ಅಂತ ಆಮೇಲೆ ಬಗ್ಗಿ ನೋಡಿದರೆ ಸಾಕು. ಮುಂದೆ ಬಂಪ್ ಸ್ಟಾಪನ್ನು ಅಪರೂಪಕ್ಕೆ ಮುಟ್ಟುತ್ತಿದೆ, ಅದು ಸರಿಯೇ. ಹಿಂದೆ ಮಾತ್ರ ಡಿಕ್ಕಿಯಲ್ಲಿ ಲಗೇಜ್ ತುಂಬಿ ಇಬ್ಬರು ಹೋದಾಗ ಜಿಪ್ ಟೈ ಬಂಪ್ ಸ್ಟಾಪಿನ ಒಳಕ್ಕೇ ಸರಿದಿರುತ್ತದೆ. ತಟ್ಟೆ ಈಗಾಗಲೇ ಮೇಲಿನ ತೋಡಿನಲ್ಲಿದೆ, ಇನ್ನು ಏರಿಸೋಕೆ ಬರಲ್ಲ. ಹಿಂದಕ್ಕೆ ಸ್ವಲ್ಪ ಗಟ್ಟಿ ಸ್ಪ್ರಿಂಗ್, 260ರ ಹತ್ತಿರದ್ದು, ಹುಡುಕುತ್ತಿದ್ದೇನೆ. ಹಿಂಭಾಗದ ಲೆಕ್ಕ ಅದರಿಂದ 1.7ಕ್ಕೆ ಬರುತ್ತೆ, ಮುಂದಿನದಕ್ಕೆ ಹೆಚ್ಚುಕಡಿಮೆ ಸಮ. ಅಲ್ಲಿವರೆಗೆ ದೊಡ್ಡ ಸೂಟ್‌ಕೇಸ್ ಇದ್ದರೆ ಹೆಂಡತಿಯ ಕಾರೇ ತಗೊಂಡು ಹೋಗ್ತೀವಿ.