‘ಡೈಯಿಂಗ್ ಇನ್‌ಸೈಡ್’ ಓದಲು ಹೊರಟವರಿಗೆ

ರಾಬರ್ಟ್ ಸಿಲ್ವರ್‌ಬರ್ಗ್ ಅವರ ಈ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿ 1972ರಲ್ಲಿ ಬಂತು. ಆ ಬಗೆಯ ಬರವಣಿಗೆಗೆ ಕೊಡುವ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿಗಳ ಅಂತಿಮ ಪಟ್ಟಿಯಲ್ಲಿತ್ತು. ಎರಡನ್ನೂ ಗೆದ್ದದ್ದು ಮಾತ್ರ ವಿಜ್ಞಾನದ ಕಥೆಗಳಿಗೆ ಹೆಸರಾದ ಐಸಾಕ್ ಅಸಿಮೋವ್. ಅಸಿಮೋವ್ ಓದಿದ ರುಚಿಯಲ್ಲೇ ಇದನ್ನು ತೆರೆದರೆ ಐವತ್ತು ಪುಟ ದಾಟುವುದು ಕಷ್ಟ. ಇಲ್ಲಿ ಪ್ರಯೋಗಾಲಯವಿಲ್ಲ, ಬೆನ್ನಟ್ಟುವ ಗೂಢಚಾರರಿಲ್ಲ. ಇನ್ನೊಬ್ಬರ ಮನಸ್ಸು ಓದುವ ಶಕ್ತಿ ನಾಯಕನಿಗೆ ಎಲ್ಲಿಂದ ಬಂತು, ಈಗ ಯಾಕೆ ಹೋಗುತ್ತಿದೆ ಎಂಬುದಕ್ಕೆ ವಿವರಣೆಯೂ ಸಿಗುವುದಿಲ್ಲ. ಆ ವಿವರಣೆಗಾಗಿ ಕಾಯುತ್ತಾ ಕೂರಬೇಡಿ. ಕಿವಿ ಮಂದವಾಗುತ್ತಿರುವ ಮನುಷ್ಯನೊಬ್ಬನ ಕಥೆ ಎಂದುಕೊಂಡು ಓದಿ, ಎಲ್ಲ ಸರಿಯಾಗಿ ಕೂರುತ್ತದೆ.

ಶುರು ಮಾಡುವ ಮೊದಲು ತಿಳಿದಿರಬೇಕಾದ್ದು ಸ್ವಲ್ಪವೇ. ನಾಯಕ ಡೇವಿಡ್ ಸೆಲಿಗ್, ನ್ಯೂಯಾರ್ಕಿನ ಯಹೂದಿ, 1935ರಲ್ಲಿ ಹುಟ್ಟಿದವನು. ಲೇಖಕರು ಹುಟ್ಟಿದ್ದೂ ಅದೇ ವರ್ಷ, ಬ್ರೂಕ್ಲಿನ್‌ನಲ್ಲಿ. ಕಥೆಯ ‘ಈಗ’ ಎಂದರೆ 1976, ಅಂದರೆ ಪುಸ್ತಕ ಬಂದಾಗ ಅದು ನಾಲ್ಕು ವರ್ಷ ಮುಂದಿನ ಕಾಲ. ಸೆಲಿಗ್‌ನ ಶಕ್ತಿಯದು ಒಮ್ಮುಖ ದಾರಿ: ಬೇರೆಯವರ ತಲೆಯೊಳಗಿನದು ಅವನಿಗೆ ಕೇಳಿಸುತ್ತದೆ, ತನ್ನದನ್ನು ಕಳಿಸಲು ಬರುವುದಿಲ್ಲ. ಇದನ್ನು ಮರೆತರೆ ‘ಇಷ್ಟೆಲ್ಲ ಗೊತ್ತಿದ್ದೂ ಇವನ್ಯಾಕೆ ಇಷ್ಟು ಒಂಟಿ?’ ಎಂಬ ಪ್ರಶ್ನೆ ಕೊನೆತನಕ ಕಾಡುತ್ತದೆ.

ಕೈಯಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. 26 ಅಧ್ಯಾಯಗಳಿವೆ, ಹೆಚ್ಚಿನವು ಚಿಕ್ಕವು. ಒಂದೊಂದಕ್ಕೂ ಒಂದು ಸಾಲು, ಸಾಲಿನಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಕಾಲ: ಬಾಲ್ಯ, 1963, 1968, 1976 ಹೀಗೆ. ಕಥೆ ಹಿಂದೆ ಮುಂದೆ ಜಿಗಿಯುವುದರಿಂದ ಇದಿಲ್ಲದೆ ಅವನು ಪ್ರೀತಿಸಿದವರಲ್ಲಿ ಕಿಟ್ಟಿ ಯಾವಾಗಿನವಳು, ಟೋನಿ ಯಾವಾಗಿನವಳು ಎಂದು ಗೊಂದಲವಾಗುತ್ತದೆ. ಎರಡನೆಯದರಲ್ಲಿ ‘ನಾನು’ ಅಥವಾ ‘ಅವನು’. ಸೆಲಿಗ್ ಕೆಲವೆಡೆ ತನ್ನ ಕಥೆಯನ್ನು ತಾನೇ ಹೇಳುತ್ತಾನೆ, ಕೆಲವೆಡೆ ಬೇರೆ ಯಾರದೋ ಕಥೆ ಎಂಬಂತೆ ‘ಸೆಲಿಗ್ ಹೀಗೆ ಮಾಡಿದ’ ಎಂದು ದೂರ ನಿಲ್ಲುತ್ತಾನೆ. ಹೊಸಬರು ನಿರೂಪಕ ಬದಲಾದ ಎಂದುಕೊಳ್ಳುವುದು ಇಲ್ಲೇ. ಬದಲಾಗಿಲ್ಲ, ಎಲ್ಲಿ ದೂರ ಸರಿಯುತ್ತಾನೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. ತನ್ನ ಶಕ್ತಿಯನ್ನು ಒಳಗೆ ಮನೆ ಮಾಡಿಕೊಂಡ ಇನ್ನೊಬ್ಬನಂತೆ ಮಾತಾಡಿಸುವ ಜಾಗಗಳೂ ಇವೆ. ಮೂರನೆಯದರಲ್ಲಿ ಅವನಿಗೆ ಎಷ್ಟು ಕೇಳಿಸಿತು: ಸ್ಪಷ್ಟ, ಮಸುಕು, ಏನೂ ಇಲ್ಲ. ಈ ಕಾಲಂ ತುಂಬಿದಂತೆ ಒಂದು ವಿಷಯ ಕಾಣುತ್ತದೆ. ಶಕ್ತಿ ಒಂದೇ ಸಮನೆ ಇಳಿಯುವುದಿಲ್ಲ. ಹೋಗುತ್ತದೆ, ಒಂದು ಸಂಜೆ ಜೋರಾಗಿ ಮರಳುತ್ತದೆ, ಮತ್ತೆ ಹೋಗುತ್ತದೆ. ಆ ಮರಳುವಿಕೆಯೇ ಅವನನ್ನು ಹೆಚ್ಚು ಹಿಂಸಿಸುವುದು.

ಈಗ ಬಹಳ ಮಂದಿ ಹಾರಿಸಿಬಿಡುವ ಪುಟಗಳ ವಿಷಯ. ಸೆಲಿಗ್ ಹೊಟ್ಟೆ ಹೊರೆಯುವುದು ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರಿಗೆ ಪುಟಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ಪ್ರಬಂಧ ಬರೆದುಕೊಟ್ಟು. ಹುಡುಗನನ್ನು ಎದುರು ಕೂರಿಸಿಕೊಂಡು ಮಾತಾಡಿಸುತ್ತಾ ಅವನ ತಲೆಯೊಳಗೆ ಇಣುಕುತ್ತಾನೆ: ಇವನ ಭಾಷೆ ಎಂಥದು, ತಿಳಿವಳಿಕೆ ಎಷ್ಟು. ಆಮೇಲೆ ಅವನೇ ಬರೆದಂತೆ ಬರೆದುಕೊಡುತ್ತಾನೆ. ಕಾದಂಬರಿಕಾರ ಕಾಫ್ಕಾ ಮೇಲಿನ ಪ್ರಬಂಧವೊಂದನ್ನು ಕಾದಂಬರಿ ಇಡಿಯಾಗಿ ಕೊಡುತ್ತದೆ. ಹತ್ತು ನಿಮಿಷದ ಓದು, ಬಿಡಬೇಡಿ. ಅದನ್ನು ಓದಿಕೊಂಡವರಿಗೆ ಮುಂದೆ ಯಹ್ಯಾ ಲುಮುಂಬಾ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಪ್ರಸಂಗ ಪೂರ್ತಿ ದಕ್ಕುತ್ತದೆ. ಗ್ರೀಕ್ ನಾಟಕಗಳಲ್ಲಿ ಎಲೆಕ್ಟ್ರಾ ಎಂಬ ಪಾತ್ರದ ಕುರಿತು ಅವನಿಗೊಂದು ಪ್ರಬಂಧ ಬೇಕು. ಸೆಲಿಗ್ ಇಣುಕಲು ನೋಡುತ್ತಾನೆ, ಹಿಡಿತಕ್ಕೆ ಸಿಗುವುದಿಲ್ಲ. ಸುಮ್ಮನೆ ಊಹೆ ಕಟ್ಟಿ, ಕಪ್ಪು ಹುಡುಗ ಹೀಗೇ ಬರೆಯುತ್ತಾನೆ ಎಂದುಕೊಂಡು ಬರೆಯುತ್ತಾನೆ. ಲುಮುಂಬಾಗೆ ಅದು ಅವಮಾನವಾಗಿ ಕಾಣುತ್ತದೆ, ಸೆಲಿಗ್ ಏಟು ತಿನ್ನುತ್ತಾನೆ. ಶಕ್ತಿ ಹೋಯಿತು ಎಂದು ಲೇಖಕರು ಬಾಯಿಬಿಟ್ಟು ಹೇಳುವುದಕ್ಕಿಂತ ಆ ಕೆಟ್ಟ ಪ್ರಬಂಧವೇ ಚೆನ್ನಾಗಿ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಾಗೆಂದು ಲುಮುಂಬಾನ ಚಿತ್ರಣವನ್ನು ಹೊಗಳುವಂತಿಲ್ಲ. ಕಪ್ಪು ಜನರ ಬಗೆಗೂ ಹೆಂಗಸರ ಬಗೆಗೂ ಇಲ್ಲಿರುವ ಮಾತುಗಳು ಇವತ್ತು ಚುಚ್ಚುತ್ತವೆ. ಒಂದಷ್ಟು ಸೆಲಿಗ್‌ನ ಸಣ್ಣತನ ಎಂದು ಬಿಡಬಹುದು. ಎಲ್ಲವನ್ನೂ ಅವನ ತಲೆಗೇ ಕಟ್ಟಿದರೆ ಲೇಖಕರಿಗೆ ವಿನಾಯಿತಿ ಕೊಟ್ಟಂತೆ. ಲೈಂಗಿಕ ವಿವರಗಳೂ ಧಾರಾಳ, ಹೈಸ್ಕೂಲು ಮಕ್ಕಳಿಗೆ ಕೊಡುವ ಪುಸ್ತಕವಲ್ಲ.

ಕಿಟ್ಟಿ ಮತ್ತು ಟೋನಿಯ ಅಧ್ಯಾಯಗಳು ಪುಸ್ತಕದಲ್ಲಿ ದೂರ ದೂರ ಇವೆ. ಎರಡನೇ ಓದಿನಲ್ಲಿ ಒಟ್ಟಿಗೆ ತೆಗೆದುಕೊಳ್ಳಿ. 1963ರ ಕಿಟ್ಟಿಯ ಮನಸ್ಸು ಅವನಿಗೆ ಪೂರ್ತಿ ಮುಚ್ಚಿದ ಬಾಗಿಲು. ಎಲ್ಲರಂತೆ ಪ್ರೀತಿಸಲು ಸಿಕ್ಕ ಅವಕಾಶ ಅದು. ಅವನೋ ಅವಳಲ್ಲೂ ಅಂಥ ಶಕ್ತಿ ಅಡಗಿರಬಹುದೆಂದು ಕೆದಕಿ ಕೆದಕಿ ಕೈಯಾರೆ ಕೆಡಿಸಿಕೊಳ್ಳುತ್ತಾನೆ. 1968ರಲ್ಲಿ ಟೋನಿ ಭ್ರಮೆ ಹುಟ್ಟಿಸುವ ಮಾದಕವಸ್ತು ಎಲ್‌ಎಸ್‌ಡಿ ತೆಗೆದುಕೊಂಡಾಗ, ತಾನು ಮುಟ್ಟದೆಯೂ ಅವಳ ಅಮಲಿನೊಳಗೆ ಸಿಕ್ಕಿಬೀಳುತ್ತಾನೆ. ಒಬ್ಬಳ ಹತ್ತಿರ ಏನೂ ಕೇಳಿಸಲಿಲ್ಲ, ಇನ್ನೊಬ್ಬಳ ಹತ್ತಿರ ತಡೆಯಲಾರದಷ್ಟು ಕೇಳಿಸಿತು; ಇಬ್ಬರೂ ಬಿಟ್ಟುಹೋದರು. ಬಾಲ್ಯದ ಹೊಲಮನೆಯ ಅಧ್ಯಾಯವನ್ನು ಮಾತ್ರ ನಿಧಾನವಾಗಿ ಓದಿ. ಹೊರಗೆ ಗಡಸಾಗಿ ಕಾಣುವ ಮುದಿ ರೈತನ ಒಳಗೆ ಹುಡುಗ ಇಳಿದಾಗ ಸಿಗುವುದು ದೊಡ್ಡ ಆನಂದ. ಏನು ಕಳೆದುಹೋಗುತ್ತಿದೆ ಎಂಬುದರ ಅಳತೆ ಅಲ್ಲಿದೆ.

ಉಲ್ಲೇಖಗಳು ಬಹಳ, ಕವಿ ಟಿ.ಎಸ್. ಎಲಿಯಟ್ ಅಂತೂ ಹೆಜ್ಜೆಹೆಜ್ಜೆಗೂ. ಅವರ ಪ್ರುಫ್ರಾಕ್ ಪದ್ಯವನ್ನು ಮೊದಲೇ ಒಮ್ಮೆ ಓದಿಕೊಂಡಿದ್ದರೆ ಸಾಕು. ಮೊದಲ ಓದಿನಲ್ಲಿ ಪ್ರತಿ ಸಾಲಿನ ಮೂಲ ಹುಡುಕುತ್ತಾ ಹೋದರೆ ಕಥೆಯ ಓಟ ಕೆಡುತ್ತದೆ.

ಗುಂಪಿನಲ್ಲಿ ಓದುವುದಾದರೆ ಮೂರು ಕೂಟ ಸಾಕು: 9, 9, 8 ಅಧ್ಯಾಯ. ಚರ್ಚೆಗೆ ನೈಕ್ವಿಸ್ಟ್‌ನನ್ನು ಹಿಡಿಯಿರಿ. ಅವನಿಗೂ ಅದೇ ಶಕ್ತಿ ಇದೆ, ಆದರೆ ಯಾವ ಪಾಪಪ್ರಜ್ಞೆಯೂ ಇಲ್ಲದೆ ಹಾಯಾಗಿ ಬದುಕುತ್ತಾನೆ. ಹಾಗಾದರೆ ಸೆಲಿಗ್‌ನನ್ನು ತಿಂದದ್ದು ಶಕ್ತಿಯೋ, ಅವನ ಸ್ವಭಾವವೋ? ತಂಗಿ ಜೂಡಿತ್ ಜೊತೆಗಿನ ಹಗೆ ಕೊನೆಕೊನೆಗೆ ಯಾಕೆ ಕರಗುತ್ತದೆ? ಮಾತು ‘ನನಗೇ ಆ ಶಕ್ತಿ ಇದ್ದಿದ್ದರೆ’ ಎಂಬ ಕಡೆ ಜಾರುವುದು ಖಂಡಿತ. ಹಾಗಾದಾಗ ಮೂರನೇ ಕಾಲಂ ತೆಗೆದು, ಶಕ್ತಿ ಜೋರಾಗಿದ್ದ ದಿನಗಳಲ್ಲಿ ಸೆಲಿಗ್ ಅದರಿಂದ ಏನು ಮಾಡಿದ ಎಂದು ಒಂದೊಂದಾಗಿ ಓದಿಸಿ.