ಅರಿಸಿನದ ಕಾಗದ ಕೆಂಪಾಗಬೇಕಾದರೆ

ಮಕ್ಕಳಿಗೆ ಆಮ್ಲ, ಕ್ಷಾರ ತೋರಿಸಲು ದುಬಾರಿ ಪ್ರಯೋಗದ ಪೆಟ್ಟಿಗೆ ಕೊಳ್ಳುವವರಿದ್ದಾರೆ. ಆರೇಳು ವರ್ಷದ ಮಗುವಿಗೆ ಅರಿಸಿನ, ಬಟ್ಟೆ ಸೋಪು, ನಿಂಬೆಹಣ್ಣು ಧಾರಾಳವಾಯಿತು. ಅರಿಸಿನ ಹಿಡಿಸಿದ ಹಳದಿ ಕಾಗದ ಸೋಪಿನಂಥ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ನಿಂಬೆಯಂಥ ಆಮ್ಲ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಆದರೆ ಕಾಗದವನ್ನೇ ಕೆಡಿಸಿಕೊಂಡು, ಬಣ್ಣ ಬದಲಾಗಲಿಲ್ಲವೆಂದು ಕೈಚೆಲ್ಲಿದವರನ್ನು ಬಹಳ ನೋಡಿದ್ದೇನೆ.

ಮೊದಲು ಕಾಗದ. ಅರಿಸಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಪುಡಿಯನ್ನು ಲೋಟದ ನೀರಿಗೆ ಸುರಿದು ಕದಡಿದರೆ ತಳದಲ್ಲಿ ಕೆಸರು ಕೂರುತ್ತದೆ, ಅಷ್ಟೆ. ಅರ್ಧ ಚಮಚ ಪುಡಿಗೆ ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಹಾಕಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಇದು ದೊಡ್ಡವರ ಕೆಲಸ. ಹತ್ತಿರದಲ್ಲಿ ಒಲೆ, ದೀಪ ಉರಿಯುತ್ತಿರಬಾರದು. ಸ್ಯಾನಿಟೈಸರ್ ಇದ್ದರೆ ನೀರಿನಂಥದ್ದು ನಡೆಯುತ್ತದೆ, ಜೆಲ್ ಬೇಡ, ಅಂಟಂಟಾಗುತ್ತದೆ. ಫಿಲ್ಟರ್ ಕಾಗದವನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ಬೇಗ ಒಣಗಲೆಂದು ಮಹಡಿಯ ಬಿಸಿಲಿಗೆ ಹರವಿದರೆ ಬಣ್ಣ ಮಾಸುತ್ತದೆ. ಸೋಪಿನಲ್ಲಿ ತೊಳೆದ ಕೈಯನ್ನು ಒರೆಸಿಕೊಳ್ಳದೆ ಮುಟ್ಟಿದರಂತೂ ಪ್ರಯೋಗಕ್ಕೆ ಮೊದಲೇ ಕೆಂಪು ಬೆರಳಚ್ಚು ಬಿದ್ದಿರುತ್ತದೆ.

ಒಣಗಿದ ಮೇಲೆ ಪಟ್ಟಿಗಳಾಗಿ ಕತ್ತರಿಸಿ.

ಈಗ ನೀವು ಸುಮ್ಮನಿರಬೇಕು. 'ನೋಡು, ಕೆಂಪಾಗುತ್ತದೆ' ಎಂದು ಮೊದಲೇ ಒದರಿದರೆ ಮಗುವಿಗೆ ನೋಡಲು ಏನೂ ಉಳಿಯುವುದಿಲ್ಲ. ಒಂದು ಹನಿ ಕುಡಿಯುವ ನೀರು, ಒಂದು ಹನಿ ಸೋಪಿನ ನೀರು ಅಕ್ಕಪಕ್ಕ ಹಾಕಿಸಿ. ಹಾಕುವ ಮುಂಚೆ ಏನಾಗಬಹುದೆಂದು ಕೇಳಿ. ಬರೀ ನೀರಿನ ಹನಿಯನ್ನು ಬಿಡಬೇಡಿ. ಕೆಂಪಾಗಿಸಿದ್ದು ಸೋಪೇ ಹೊರತು ಒದ್ದೆಯಲ್ಲ ಎಂದು ತಿಳಿಯುವುದು ಅದರಿಂದಲೇ. ಕೆಂಪಾದ ಜಾಗಕ್ಕೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಮುಖಕ್ಕೆ ಹಚ್ಚುವ ಕೆಲವು ದ್ರವ ಸೋಪುಗಳು ಕ್ಷಾರೀಯವಲ್ಲ, ಕಾಗದ ಹಳದಿಯಾಗಿಯೇ ಉಳಿಯುತ್ತದೆ. ಪ್ರಯೋಗ ಕೆಟ್ಟಿತೆಂದುಕೊಳ್ಳದೆ ಬಟ್ಟೆ ಸೋಪಿನೊಂದಿಗೆ ಹೋಲಿಸಿ.

ಎಲೆಯಡಿಕೆಯ ಸುಣ್ಣ ಎಲ್ಲಕ್ಕಿಂತ ಗಾಢ ಕೆಂಪು ಕೊಡುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ನೀವೇ ಮುಟ್ಟಿಸಿ. ಆರತಿಗೆ ಅರಿಸಿನ, ಸುಣ್ಣ ಕದಡಿ ಓಕುಳಿ ನೀರು ಮಾಡುವ ಅಜ್ಜಿ ಮನೆಯಲ್ಲಿದ್ದರೆ ಈ ಹಂತವನ್ನು ಅವರಿಗೇ ಒಪ್ಪಿಸಿ.

ಅಂಗಿಗೆ ಕಲೆ ಆಗಿಯೇ ಆಗುತ್ತದೆ. ಸೋಪು ಹಚ್ಚಿದೊಡನೆ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಏಕೆಂದು ಮಗುವೇ ಹೇಳಲಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಕಾಗದಕ್ಕೆ ಬೇಡವೆಂದ ಬಿಸಿಲು ಇಲ್ಲಿ ಬೇಕು.