ಹದಿನಾರು ಪುಟದ ಲೆಕ್ಕ

ಪ್ರಕಾಶನದಲ್ಲಿ ಕೆಲಸ ಎಂದಕೂಡಲೇ ಜನ ಕೇಳುವುದು, "ದಿನವಿಡೀ ಪುಸ್ತಕ ಓದ್ತಾ ಕೂತಿರ್ತೀರಾ? ಪುಣ್ಯವಂತರು ಬಿಡಿ!" ಓದುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ಕಥೆ ಎಲ್ಲಿಗೆ ಬಂತು ಎನ್ನುವುದಕ್ಕಿಂತ ಪುಟ ಎಷ್ಟಾಯಿತು ಎನ್ನುವುದರ ಮೇಲೆಯೇ ಕಣ್ಣು.

ಬೆಂಗಳೂರಿನ ದೊಡ್ಡ ಕನ್ನಡ ಪ್ರಕಾಶನವೊಂದರ ಸಂಪಾದಕೀಯ ವಿಭಾಗಕ್ಕೆ ನಾನು ಸೇರಿದಾಗ, ಮುದ್ರಣದ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯರು ಮೊದಲು ಕಲಿಸಿಕೊಟ್ಟದ್ದು ಫಾರಂ ಲೆಕ್ಕ. ಫಾರಂ ಅಂದರೆ ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಂತೆ. ಸಾಮಾನ್ಯ ಕಾದಂಬರಿಯ ಅಳತೆಯಾದ ಡೆಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ. ಡಬಲ್ ಡೆಮಿ ಎನ್ನುವ ದೊಡ್ಡ ಹಾಳೆ ಒಂದರಲ್ಲಿ ಎರಡು ಫಾರಂ ಹೊರಡುತ್ತದೆ. ಹಾಗಾಗಿ ಸಾವಿರ ಪ್ರತಿ ಹಾಕಿದರೆ ಒಂದು ಫಾರಮ್ಮಿಗೆ 500 ಹಾಳೆ, ಅಂದರೆ ಸರಿಯಾಗಿ ಒಂದು ರೀಮು. ಹತ್ತು ಫಾರಮ್ಮಿನ ಕಾದಂಬರಿಗೆ ಹತ್ತು ರೀಮು. ಹಾಳಾಗುವ ಕಾಗದಕ್ಕೆ ಸ್ವಲ್ಪ ಮೇಲೆ. ಬಾಯಿಲೆಕ್ಕದಲ್ಲೇ ಮುಗಿಯುತ್ತದೆ.

ತಾಪತ್ರಯ ಶುರುವಾಗುವುದು ಪುಸ್ತಕ 163 ಪುಟಕ್ಕೆ ಬಂದು ನಿಂತಾಗ. ಆ ಮೂರು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಂ ಎಳೆಯಬೇಕು, ಇಲ್ಲವೇ ಎಲ್ಲಾದರೂ ಮೂರು ಪುಟ ನುಂಗಿಸಬೇಕು. ಡಿಟಿಪಿ ಮಾಡುವ ನಮ್ಮ ಅಕ್ಕ ಇದರಲ್ಲಿ ನಿಪುಣೆ. ಒಂದೇ ಪದ ಉಳಿದ ಕೊನೆಯ ಸಾಲುಗಳನ್ನು ಹುಡುಕಿ ಮೇಲಕ್ಕೆ ಎಳೆಯುತ್ತಾರೆ, ಅಧ್ಯಾಯದ ತಲೆಯಲ್ಲಿ ಬಿಟ್ಟ ಜಾಗ ಎರಡು ಸಾಲಿನಷ್ಟು ಕಡಿಮೆ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಲೇಖಕರಿಗೆ ಫೋನು. "ಸಾರ್, ನಿಮ್ಮ 'ಲೇಖಕರ ಮಾತು' ಆರು ಪುಟ ಇದೆ, ಸ್ವಲ್ಪ..." ಅನ್ನುವಷ್ಟರಲ್ಲಿ ಆ ಕಡೆಯಿಂದ, "ಅದನ್ನ ಮುಟ್ಟಬೇಡಿ ಮಾರಾಯ್ರೆ, ಬೇಕಾದ್ರೆ ಮುನ್ನುಡಿ ಕಡಿಮೆ ಮಾಡಿ." ಮುನ್ನುಡಿ ಬರೆದವರು ಇವರಿಗಿಂತ ಹಿರಿಯ ಸಾಹಿತಿ. ಅವರಿಗೆ ಫೋನು ಮಾಡುವವರು ಯಾರು? ಕೊನೆಗೆ ಅರ್ಧ ಫಾರಮ್ಮೇ ಹೆಚ್ಚಾಗುತ್ತದೆ, ಉಳಿದ ಐದು ಪುಟಕ್ಕೆ ನಮ್ಮ ಇತರ ಪ್ರಕಟಣೆಗಳ ಪಟ್ಟಿ ಬರುತ್ತದೆ. ಪುಸ್ತಕದ ಕೊನೆಯಲ್ಲಿ ಅಂಥ ಉದ್ದನೆಯ ಪಟ್ಟಿ ಕಂಡರೆ ಅದು ಬರೀ ಜಾಹೀರಾತಲ್ಲ ಎಂದು ತಿಳಿಯಿರಿ.

ಇನ್ನು ಕರಡು, ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದುವ ಕೆಲಸ. ಹಸ್ತಪ್ರತಿ ಈಗ ಕೈಬರಹದಲ್ಲಿ ಬರುವುದು ಅಪರೂಪ. ನುಡಿ ತಂತ್ರಾಂಶದಲ್ಲಿ ಬರುತ್ತದೆ, ಬರಹ ತಂತ್ರಾಂಶದಲ್ಲಿ ಬರುತ್ತದೆ, ಫೋನಿನಲ್ಲೇ ಬರೆದ ಯೂನಿಕೋಡ್ ವಾಟ್ಸಾಪಿನಲ್ಲಿ ಬರುತ್ತದೆ. ಎಲ್ಲವನ್ನೂ ಒಂದೇ ಫಾಂಟಿಗೆ ತರುವಾಗ ಮೊದಲು ಏಟು ಬೀಳುವುದು ಅರ್ಕಾವತ್ತಿಗೆ. ಹಳೆಯ ನುಡಿ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಕೂರುವ ಬೇರೆಯೇ ಚಿಹ್ನೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತನೆಯಲ್ಲಿ ಅದು ಉದುರಿಹೋದರೆ 'ಅರ್ಥ' ಹೋಗಿ 'ಅಥ' ಆಗುತ್ತದೆ. ಕಥೆ ಚೆನ್ನಾಗಿದ್ದಷ್ಟೂ ಕರಡು ಕೆಡುತ್ತದೆ: ಕಣ್ಣು ಓಟ ಹಿಡಿದುಬಿಡುತ್ತದೆ. ಅದಕ್ಕೇ ನಾನು ಎರಡನೇ ಕರಡನ್ನು ಕೊನೆಯ ಅಧ್ಯಾಯದಿಂದ ಹಿಂದಕ್ಕೆ ನೋಡುತ್ತೇನೆ.

ಬೆಲೆ ನಿಗದಿಯೂ ಪುಟದ ಮೇಲೆಯೇ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಟಕ್ಕೆ ಇಂತಿಷ್ಟು ಎಂದು ದರವಿದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕಾಗದಕ್ಕೆ ಇದೆ. ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಮಾರಾಟದಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಅಂಗಡಿಯವರ ಕಮಿಷನ್, ಲೇಖಕರಿಗೆ ಸಾಮಾನ್ಯವಾಗಿ ಮುಖಬೆಲೆಯ ಶೇ. 10 ಗೌರವಧನ, ಗೋದಾಮಿನ ಬಾಡಿಗೆ ಎಲ್ಲ ಕಳೆದ ಮೇಲೆ ಉಳಿಯುವುದನ್ನು ನೋಡಿದರೆ, ಹೊಸಬರ ಕಥಾಸಂಕಲನಕ್ಕೆ ನಮ್ಮ ಯಜಮಾನರು ಯಾಕೆ ತಲೆ ಕೆರೆದುಕೊಳ್ಳುತ್ತಾರೆ ಎಂದು ಗೊತ್ತಾಗುತ್ತದೆ. ಮಾರಾಟವಾಗುತ್ತಲೇ ಇರುವ ಹಳೆಯ ಶೀರ್ಷಿಕೆಗಳೇ ಸಂಬಳ ಕೊಡುವುದು.

ಕವಿತೆಗಳಿಗೆ ಈಗ ಡಿಜಿಟಲ್ ಮುದ್ರಣ ಬಂದಿದೆ. ನೂರು ಪ್ರತಿ ಬೇಕಾದರೂ ಹಾಕಬಹುದು, ಫಾರಮ್ಮಿನ ಹಂಗಿಲ್ಲ. ಪ್ರತಿಯೊಂದಕ್ಕೆ ಬೀಳುವ ಖರ್ಚು ಮಾತ್ರ ಜಾಸ್ತಿ. ಮುಗಿದಾಗಲೆಲ್ಲ ಇನ್ನೊಂದು ನೂರು. ಹಾಗಾಗಿ 'ಮೂರನೇ ಮುದ್ರಣ' ಎಂದು ಎಲ್ಲಾದರೂ ಕಂಡರೆ, ಒಳಪುಟದಲ್ಲಿ ಕಾಗದದ ತೂಕ ಹೇಳುವ ಜಿಎಸ್‌ಎಂ ಪಕ್ಕದಲ್ಲಿ 'ಪ್ರತಿಗಳು' ಎಷ್ಟು ಎಂದು ಹಾಕಿದ್ದಾರೋ ಇಲ್ಲವೋ ಎಂದು ನಾನು ಮೊದಲು ನೋಡುತ್ತೇನೆ.